ಗ್ರೇಟ್ ಬ್ರಿಟನ್ನಿನಿಂದ ಒಂದು ಅಂಕ ಕೋರಿ

ಗ್ರೇಟ್ ಬ್ರಿಟನ್ನಿನ ಬಾಹ್ಯಾಕಾಶ ವ್ಯವಹಾರಗಳನ್ನು ನೋಡಿಕೊಳ್ಳುವ ಮಾನ್ಯರೇ,

ಮಾನ್ವಿಯ ಶಾಲಾ ಶಿಕ್ಷಕಿಯೊಬ್ಬಳ ಗೌರವಪೂರ್ವಕ ನಮಸ್ಕಾರಗಳು. ಬರೆಯದೆ ಬಿಡಬೇಕೆಂದಿದ್ದ ಮಾತನ್ನೇ ಮೊದಲು ಬರೆಯುತ್ತೇನೆ: ಈ ಮನವಿಗೆ ಕಾರಣವಾದ ಅಂಕವನ್ನು ಕಳೆದವಳು ನಾನೇ.

ನಮ್ಮ ಸಾಮಾನ್ಯ ಜ್ಞಾನ ಪರೀಕ್ಷೆಯಲ್ಲಿ ಇಪ್ಪತ್ತೈದಕ್ಕೆ ಇಪ್ಪತ್ತೈದು ಪಡೆದವರಿಗೆ ಶ್ರೀಹರಿಕೋಟಾಕ್ಕೆ ಹೋಗಿ ರಾಕೆಟ್ ಉಡಾವಣೆ ನೋಡುವ ಅವಕಾಶವಿದೆ. ಒಂಬತ್ತನೇ ತರಗತಿಯ ವಾಹಿದಾಗೆ ಇಪ್ಪತ್ನಾಲ್ಕು ಬಂತು. ಬ್ರಿಟನ್ ಮುಂದುವರಿದ ರಾಷ್ಟ್ರವೋ, ಮುಂದುವರಿಯುತ್ತಿರುವ ರಾಷ್ಟ್ರವೋ ಎಂಬ ಪ್ರಶ್ನೆಗೆ ಅವಳು, ‘ಹಿಂದೆ ಮುಂದುವರಿದಿತ್ತು, ಈಗ ಮುಂದುವರಿಯುತ್ತಿದೆ’ ಎಂದು ಬರೆದಿದ್ದಳು. ರಾಯಚೂರಿನ ಕಾನ್ವೆಂಟಿನಲ್ಲಿ ತಮ್ಮ ಭಾಷೆಯಲ್ಲೇ ಓದಿದ ನನ್ನ ಕೆಂಪು ಪೆನ್ನು, ನಾನು ಯೋಚಿಸುವ ಮೊದಲೇ ತಮ್ಮ ಮರ್ಯಾದೆ ಕಾಪಾಡಿತು.

ಟೆಂಪೋ ಓಡಿಸುವ ಮುಕರ್ರಂ ಅವರ ಮಗಳು ವಾಹಿದಾ; ಅವಳ ವಾದವೂ ಅದೇ ದಾರಿಯಲ್ಲಿ ಬಂತು: “ಆಕಾಶಕ್ಕ ಹೋಗಾಕ ಬ್ರಿಟನ್ನಿನವ್ರು ತಮ್ಮ ಗಾಡಿ ಬಿಟ್ಟು ನಮ್ಮ ಗಾಡಿ ಹತ್ಯಾರಂದ್ರ, ಇನ್ನೂ ಮುಂದಕ್ಕ ಬರಾಕತ್ತಾರಂತ ಅಲ್ರೀ ಟೀಚರ್?”

ಪುಸ್ತಕ ತೆರೆದು ನೋಡಿದೆ. 1971ರಲ್ಲಿ ತಾವು ರಾಕೆಟ್ ಯೋಜನೆಯನ್ನು ರದ್ದು ಮಾಡಿ, ರಾಕೆಟ್ ಆಗಲೇ ಹಡಗು ಹತ್ತಿದೆ ಎಂಬ ಕಾರಣಕ್ಕೆ ಆಸ್ಟ್ರೇಲಿಯಾದಿಂದ ಒಂದು ಉಪಗ್ರಹ ಹಾರಿಸಿ, ಕೈತೊಳೆದುಕೊಂಡಿರಿ. ಇಂಥ ವೈರಾಗ್ಯ ಎಲ್ಲರಿಗೂ ಬರುವುದಿಲ್ಲ. ನಮ್ಮ ರಾಯಚೂರನ್ನೂ 1853ರಲ್ಲಿ ನಿಜಾಮರಿಂದ ಪಡೆದು ಏಳೇ ವರ್ಷಕ್ಕೆ ಮರಳಿಸಿದ್ದಿರಿ. ಉಳಿದ ಊರುಗಳ ವಿಷಯದಲ್ಲಿ ಈ ಗುಣ ಕೊಂಚ ತಡವಾಗಿ ಕಾಣಿಸಿಕೊಂಡಿತು, ಅಷ್ಟೇ. ಇತ್ತೀಚೆಗೆ ತಮ್ಮ ದೇಶದ ಕಂಪನಿಯೊಂದರ ಉಪಗ್ರಹಗಳು ನಮ್ಮ ರಾಕೆಟ್ಟಿನಲ್ಲೇ ಹೋದವು.

ನಾವು ಪೂರ್ತಿ ಮುಂದುವರಿದಿದ್ದೇವೆಂಬ ಭ್ರಮೆ ನನಗಿಲ್ಲ. ದೇವದುರ್ಗದ ಬಸ್ಸು ಹೊರಡುವ ಮುನ್ನ ಹತ್ತರಿಂದ ಹಿಂದಕ್ಕೆ ಎಣಿಸಿ ನೋಡಿದ್ದೇನೆ. ಸೊನ್ನೆ ಮುಗಿದ ಮೇಲೂ ಕಂಡಕ್ಟರ್ ಚಹಾ ಕುಡಿಯುತ್ತಿದ್ದರು.

ಆದ್ದರಿಂದ ಎರಡರಲ್ಲೊಂದನ್ನು ದಯಪಾಲಿಸಬೇಕು: ತಾವು ಮುಂದುವರಿಯುತ್ತಿರುವ ರಾಷ್ಟ್ರವೆಂದು ಮುದ್ರೆ ಒತ್ತಿದ ಪ್ರಮಾಣಪತ್ರ, ಇಲ್ಲವೇ ಫೆಬ್ರುವರಿ ಹತ್ತನೇ ತಾರೀಖಿನೊಳಗೆ, ಇನ್ನೂ ತಮ್ಮ ಕೈಯಲ್ಲಿ ಉಳಿದಿರುವ ಯಾವುದಾದರೂ ನೆಲದಿಂದ, ಒಂದು ಸ್ವಂತ ರಾಕೆಟ್. ಅದು ಹಾರಿದರೆ, ಹುಡುಗಿಯ ಅಂಕ ಕಳೆದದ್ದು ನ್ಯಾಯವೇ ಆಯಿತೆಂದು ನೆಮ್ಮದಿಯಿಂದಿರುತ್ತೇನೆ.

ತಮ್ಮದೇ ವ್ಯಾಕರಣದಲ್ಲಿ ಪಳಗಿದ
ತಮ್ಮ ವಿಶ್ವಾಸಿ,
ಸ್ವಪ್ನಾ

ವಿ.ಸೂ.: ಶ್ರೀಹರಿಕೋಟಾಕ್ಕೆ ಹೋಗುವವರ ಹೆಸರುಗಳ ಪಟ್ಟಿಯನ್ನು ಹತ್ತನೇ ತಾರೀಖಿನ ಸಂಜೆ ಕಳುಹಿಸಬೇಕು. ಇಪ್ಪತ್ನಾಲ್ಕನ್ನು ಹೊಡೆದು ಇಪ್ಪತ್ತೈದು ಮಾಡಿ, ಅದೇ ಕೆಂಪು ಪೆನ್ನಿನಲ್ಲಿ ಪಕ್ಕದಲ್ಲೇ ಸಹಿ ಹಾಕಿದ್ದೇನೆ. ತಮ್ಮ ಅಭಿಪ್ರಾಯದ ಮೇಲೆ ಅಪಾರ ಗೌರವವಿರುವುದರಿಂದ, ಈ ಪತ್ರವನ್ನು ಅಂಚೆಗೆ ಹಾಕುವುದು ಫೆಬ್ರುವರಿ ಹನ್ನೊಂದರಂದು.