ಕರ್ನಲ್ ಸಾಹೇಬರ ಬಾಲ್ಕನಿ ಮತ್ತು ನನ್ನ ಅಭಿಪ್ರಾಯ

ಸರ್ಕಾರದಲ್ಲಿ ಎರಡು ಬಗೆಯ ಎಂಜಿನಿಯರುಗಳಿದ್ದಾರೆ. ಕಟ್ಟುವವರು ಒಂದು ಬಗೆ. ಕಟ್ಟಿದ್ದು ನಿಲ್ಲುತ್ತದೋ ಇಲ್ಲವೋ ಅಂತ ಕೇಳಿಸಿಕೊಳ್ಳುವವರು ಇನ್ನೊಂದು ಬಗೆ. ನಾನು ಎರಡನೆಯ ಬಗೆಯವನು. ದೆಹಲಿಯ ನಗರಾಡಳಿತದ ಒಂದು ಕಚೇರಿಯಲ್ಲಿ ನನ್ನ ಕೋಣೆಯ ಬಾಗಿಲ ಮೇಲೆ ‘ಹಿರಿಯ ತಜ್ಞ ಎಂಜಿನಿಯರ್’ ಎಂದು ಹಿತ್ತಾಳೆಯ ಫಲಕವಿದೆ. ಮೊದಲನೆಯವರಿಗೆ ಜೀಪು, ಗುತ್ತಿಗೆದಾರರು, ಉದ್ಘಾಟನೆಯ ದಿನ ಚೆಂಡುಹೂವಿನ ಹಾರ ಎಲ್ಲವೂ ಉಂಟು. ನನಗಿರುವುದು ಒಂದು ಕುರ್ಚಿ, ಒಂದು ಪುಟ್ಟ ಸುತ್ತಿಗೆ ಮತ್ತು ಅಭಿಪ್ರಾಯ. ಯಾವುದೋ ಶಾಲೆಯ ಸಜ್ಜಾ ಬಿರುಕು ಬಿಟ್ಟರೆ, ಯಾವುದೋ ನೀರಿನ ಟ್ಯಾಂಕು ಒಂದು ಕಡೆಗೆ ವಾಲಿದ ಹಾಗೆ ಯಾರಿಗಾದರೂ ಅನ್ನಿಸಿದರೆ ನನ್ನನ್ನು ಕರೆಯುತ್ತಾರೆ. ನಾನು ಹೋಗಿ ಸುತ್ತಿಗೆಯಿಂದ ಅಲ್ಲಿ ಇಲ್ಲಿ ತಟ್ಟಿ, ಕಿವಿಗೊಟ್ಟು ಕೇಳಿ, ವಾಪಸು ಬಂದು ಅಭಿಪ್ರಾಯ ಬರೆಯುತ್ತೇನೆ. ಈ ವಿದ್ಯೆಯಲ್ಲಿ ನನಗೆ ಸರಿಸಾಟಿ ನಮ್ಮ ಕಚೇರಿಯಲ್ಲಿ ಇಲ್ಲ ಎನ್ನುವುದನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ಬೇರೆ ಯಾರೂ ಹೇಳುವುದಿಲ್ಲವಾದ್ದರಿಂದ ನಾನೇ ಹೇಳಬೇಕಾಗಿದೆ.

ಅಭಿಪ್ರಾಯ ಬರೆಯುವುದೆಂದರೆ ಸಾಮಾನ್ಯ ಕೆಲಸವಲ್ಲ. ‘ಬೀಳುತ್ತದೆ’ ಎಂದು ಬರೆದು ಅದು ಬೀಳದಿದ್ದರೆ, ಅಷ್ಟು ಜನರನ್ನು ಸುಮ್ಮನೆ ಎಬ್ಬಿಸಿದಿರಲ್ಲ ಅನ್ನುತ್ತಾರೆ. ‘ನಿಲ್ಲುತ್ತದೆ’ ಎಂದು ಬರೆದು ಅದು ಬಿದ್ದರೆ ಏನನ್ನುತ್ತಾರೆ ಎಂಬುದನ್ನು ನಾನು ವಿವರಿಸಬೇಕಾಗಿಲ್ಲ. ಆದ್ದರಿಂದ ನಮ್ಮ ಹಿರಿಯರು ಮೂರು ಪದಗಳನ್ನು ಕಂಡುಹಿಡಿದಿದ್ದಾರೆ: ‘ಮೇಲ್ನೋಟಕ್ಕೆ’, ‘ಸದ್ಯಕ್ಕೆ’, ಮತ್ತು ‘ತಾತ್ವಿಕವಾಗಿ’. ಮೇಲ್ನೋಟಕ್ಕೆ ಕಟ್ಟಡವು ಸದ್ಯಕ್ಕೆ ತಾತ್ವಿಕವಾಗಿ ಸುಸ್ಥಿತಿಯಲ್ಲಿದೆ ಎಂದು ಬರೆದುಬಿಟ್ಟರೆ, ಕಟ್ಟಡ ನಿಲ್ಲಲಿ ಬೀಳಲಿ, ಬರೆದವನು ನಿಂತೇ ಇರುತ್ತಾನೆ. ನಾನು ಸೇವೆಗೆ ಸೇರಿದಂದಿನಿಂದ ಯಾವುದಕ್ಕೂ ಹೌದು ಅಂದವನಲ್ಲ, ಅಲ್ಲ ಅಂದವನೂ ಅಲ್ಲ.

ಈ ಅಭ್ಯಾಸ ಕಚೇರಿಯ ಚೀಲದ ಜೊತೆ ಮನೆಗೂ ಬಂದುಬಿಟ್ಟಿದೆ. ದೆಹಲಿಯ ದ್ವಾರಕಾ ಬಡಾವಣೆಯ ನಮ್ಮ ಫ್ಲಾಟಿನಲ್ಲಿ ಹೆಂಡತಿ ಸುಲೋಚನಾ ಹೊಸ ಸೀರೆ ಉಟ್ಟು ಬಂದು ಹೇಗಿದೆ ಅಂದರೆ, “ಮೇಲ್ನೋಟಕ್ಕೆ ಚೆನ್ನಾಗಿದೆ” ಅನ್ನುತ್ತೇನೆ. ಸಾರಿಗೆ ಉಪ್ಪು ಸರಿಯಾಗಿದೆಯಾ ಅಂದರೆ, “ಸದ್ಯಕ್ಕೆ ಅಡ್ಡಿಯಿಲ್ಲ.” ಅವಳು ಇದಕ್ಕೆ ಅಡ್ಡಗೋಡೆಯ ಮೇಲೆ ದೀಪ ಇಡೋದು ಅನ್ನುತ್ತಾಳೆ. ಗೋಡೆ ಭದ್ರವಾಗಿದ್ದರೆ ದೀಪ ಇಟ್ಟರೆ ತಪ್ಪೇನು ಅಂತ ನಾನು ಕೇಳುತ್ತೇನೆ. ನಮ್ಮ ಸಂಸಾರ ಹೀಗೆ ನೆಮ್ಮದಿಯಾಗಿ ಸಾಗಿತ್ತು.

ಇಂಥ ನಾನು ಒಂದು ಸಲ, ಒಂದೇ ಒಂದು ಪದದಲ್ಲಿ ಉತ್ತರ ಕೊಟ್ಟೆ. ಕೊಟ್ಟಿದ್ದು ಮಗಳ ಭಾವೀ ಮಾವನ ಮನೆಯಲ್ಲಿ.

ಮಗಳು ಅದಿತಿ ಗುರುಗ್ರಾಮದ ಒಂದು ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ. ಅಲ್ಲೇ ಕೆಲಸ ಮಾಡುವ ನಿಖಿಲ್ ಎಂಬ ಹುಡುಗನನ್ನು ಮೆಚ್ಚಿಕೊಂಡಿದ್ದಳು. ಹುಡುಗ ಕೊಡಗಿನವನು. ತಂದೆ ಕರ್ನಲ್ ಪೂಣಚ್ಚ, ಸೈನ್ಯದಿಂದ ನಿವೃತ್ತರಾಗಿ ಫರೀದಾಬಾದಿನಲ್ಲಿ ಮನೆ ಕಟ್ಟಿಕೊಂಡವರು. ಇರುವ ಒಬ್ಬನೇ ಮಗ ಬೇರೆ ಕಡೆಯ ಹುಡುಗಿಯನ್ನು ತರುತ್ತೇನೆ ಅಂದಾಗ ಕರ್ನಲ್ ಸಾಹೇಬರು ಸುಲಭಕ್ಕೆ ಒಪ್ಪಿರಲಿಲ್ಲವಂತೆ. ಅವರ ಹೆಂಡತಿ ಪೊನ್ನಮ್ಮ ಒಂದಿಡೀ ಚಳಿಗಾಲ ಹೇಳಿ ಹೇಳಿ ಮೆದುಮಾಡಿದ ಮೇಲೆ, “ಸರಿ, ಭಾನುವಾರ ಊಟಕ್ಕೆ ಬರಲಿ, ನೋಡೋಣ” ಅಂದಿದ್ದರು. ಆ ‘ನೋಡೋಣ’ದ ಮೇಲೆ ನನ್ನ ಮಗಳ ಇಡೀ ಬದುಕು ನಿಂತಿತ್ತು. ಹೊರಡುವ ಮುಂಚೆ ಸುಲೋಚನಾ ನನ್ನ ಚೀಲ ತಪಾಸಣೆ ಮಾಡಿ ಸುತ್ತಿಗೆಯನ್ನು ತೆಗೆದು ಅಕ್ಕಿ ಡಬ್ಬದಲ್ಲಿ ಹಾಕಿದಳು. ಅದಿತಿ, “ಪಪ್ಪಾ, ಪ್ಲೀಸ್, ಅವರ ಮನೇಲಿ ಎಲ್ಲೂ ಠಕ್ ಠಕ್ ಮತ್ ಕರ್ನಾ” ಅಂದಳು. ದೆಹಲಿಯಲ್ಲಿ ಬೆಳೆದ ಮಕ್ಕಳು ಬೇಡಿಕೊಳ್ಳುವಾಗ ಮೂರು ಭಾಷೆಯಲ್ಲೂ ಬೇಡಿಕೊಳ್ಳುತ್ತವೆ. ನಾನು ತಾತ್ವಿಕವಾಗಿ ಒಪ್ಪಿದೆ.

ಮನೆ ಅಚ್ಚುಕಟ್ಟಾಗಿತ್ತು. ಗೇಟಿನಲ್ಲೇ ಕರ್ನಲ್ ಸಾಹೇಬರು ನೆಟ್ಟಗೆ ನಿಂತಿದ್ದರು. ನೀಲಗಿರಿ ಮರದಂಥ ಆಳು, ಕೈ ಕುಲುಕಿದರೆ ನಮ್ಮ ಬೆರಳು ನಮಗೇ ವಾಪಸು ಬರುತ್ತದೋ ಇಲ್ಲವೋ ಅನ್ನುವ ಹಿಡಿತ. ಊಟ ಸೊಗಸಾಗಿತ್ತು. ಸಸ್ಯಾಹಾರಿಗಳು ಅಂತ ನಮಗಾಗಿ ಪೊನ್ನಮ್ಮ ಅಕ್ಕಿತರಿಯ ಉಂಡೆ ಕಡಂಬುಟ್ಟಿನ ಜೊತೆ ಬೇರೆ ಪಲ್ಯವನ್ನೇ ಮಾಡಿದ್ದರು. ಸುಲೋಚನಾ ಅದನ್ನು ಎರಡು ಸಲ ಬಡಿಸಿಕೊಂಡಳು. ಅದಿತಿಯ ಮುಖದಲ್ಲಿ ಜೀವ ಬಂತು. ಆಮೇಲೆ ಊರಿನ ಕಾಫಿ ಬಂತು, ಕಾಫಿಯ ಜೊತೆ ಮನೆಯ ಚರಿತ್ರೆಯೂ ಬಂತು. “ಈ ಮನೇನ ಯಾವ ಕಂಟ್ರಾಕ್ಟರ್ ಕೈಗೂ ಬಿಡಲಿಲ್ಲ ನಾನು. ಒಂದೊಂದು ಸ್ಲ್ಯಾಬನ್ನೂ ಎದುರಿಗೆ ನಿಂತು ಹಾಕಿಸಿದ್ದು” ಎಂದು ಕರ್ನಲ್ ಸಾಹೇಬರು ಗೋಡೆಯ ಮೇಲಿದ್ದ ಒಂದು ದೊಡ್ಡ ಫೋಟೋ ತೋರಿಸಿದರು. ಬಾಲ್ಕನಿಗೆ ಕಾಂಕ್ರೀಟ್ ಹಾಕಿದ ದಿನದ ಚಿತ್ರ. ಹರಡಿದ ಕಬ್ಬಿಣದ ಕಂಬಿಗಳ ಮೇಲೆ ಸಾಹೇಬರು ಮಿಲಿಟರಿ ಬೂಟು ಹಾಕಿಕೊಂಡು, ಸೊಂಟದ ಮೇಲೆ ಕೈಯಿಟ್ಟು, ಗೆದ್ದ ಕೋಟೆಯ ಮೇಲೆ ನಿಂತ ಹಾಗೆ ನಿಂತಿದ್ದರು.

ನಾನು ಕಾಫಿ ಲೋಟ ಕೆಳಗಿಟ್ಟು, ಚಮಚ ಕೈಯಲ್ಲಿ ಹಿಡಿದೇ ಫೋಟೋದ ಹತ್ತಿರ ಹೋದೆ. ಇದರ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗೋಡೆಯಿಂದ ಹೊರಕ್ಕೆ ಚಾಚಿಕೊಂಡ ಬಾಲ್ಕನಿಗೆ ಕೆಳಗಡೆ ಆಸರೆ ಇರುವುದಿಲ್ಲ, ಅದನ್ನು ಮೇಲುಗಡೆಯ ಕಂಬಿಗಳೇ ಹಿಂದಕ್ಕೆ ಎಳೆದು ಹಿಡಿದಿರಬೇಕು. ಕಾಂಕ್ರೀಟ್ ಹಾಕುವಾಗ ಯಾರಾದರೂ ಆ ಕಂಬಿಗಳನ್ನು ತುಳಿದು ಕೆಳಕ್ಕೆ ಕೂರಿಸಿಬಿಟ್ಟರೆ, ಕಂಬಿ ಇದ್ದೂ ಇಲ್ಲದ ಹಾಗೆ. ಸಾಮಾನ್ಯವಾಗಿ ತುಳಿಯುವವರು ಕೂಲಿಗಳು, ಬೈದು ಇಳಿಸುವವನು ಮಾಲೀಕ. ಇಲ್ಲಿ ತುಳಿದು ನಿಂತವರೇ ಮಾಲೀಕರು. ಬೂಟಿನ ಕೆಳಗೆ ಕಂಬಿಗಳು ಬಾಗಿದ್ದು ಫೋಟೋದಲ್ಲೇ ಕಾಣುತ್ತಿತ್ತು. ಅದನ್ನು ಅವರು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು.

“ಚಲೋ, ಎಲ್ಲರೂ ಬಾಲ್ಕನಿಗೆ” ಅಂದರು ಸಾಹೇಬರು. ಆ ಮನೆಯ ಪದ್ಧತಿ ಹಾಗೆ. ಏನೇ ಶುಭ ನಡೆದರೂ ಮನೆಮಂದಿಯೆಲ್ಲ ಬಾಲ್ಕನಿಯಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬೇಕು. ಫೋಟೋಗೆ ಕರೆದರು ಅಂದರೆ ಹುಡುಗಿಯನ್ನು ಒಪ್ಪಿದರು ಅಂತಲೇ ಅರ್ಥ ಎಂದು ಪೊನ್ನಮ್ಮ ಸುಲೋಚನಾಳ ಕಿವಿಯಲ್ಲಿ ಹೇಳಿ ಕಣ್ಣೊರೆಸಿಕೊಂಡರು. ನಾನು ಎಲ್ಲರಿಗಿಂತ ಮುಂಚೆ ನುಗ್ಗಿ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕುಳಿತೆ. ಗೋಡೆಯೂ ಬಾಲ್ಕನಿಯ ನೆಲವೂ ಸೇರುವ ಕಡೆ, ಉದ್ದಕ್ಕೂ, ಕೂದಲಿನಷ್ಟು ತೆಳ್ಳಗೆ ಬಿರುಕು. ಸುತ್ತಿಗೆ ದ್ವಾರಕಾದ ಅಕ್ಕಿ ಡಬ್ಬದಲ್ಲಿತ್ತು. ಕೈಯಲ್ಲಿದ್ದ ಕಾಫಿ ಚಮಚದಿಂದ ತಟ್ಟಿದೆ. ಟೊಳ್ಳು ಸದ್ದು ಬಂತು. ಹಿಂದೆ ಅದಿತಿ, “ಪಪ್ಪಾ” ಎಂದು ಹಲ್ಲು ಕಚ್ಚಿಕೊಂಡು ಅಂದಳು.

“ಏನು ವಿಷಯ ಎಂಜಿನಿಯರ್ ಸಾಹೇಬ್ರೆ?” ಅಂದರು ಕರ್ನಲ್.

ನಾನು ಎದ್ದು ನಿಂತು, ಬಾಗಿಲಿಗೆ ಅಡ್ಡವಾಗಿ ಕೈಚಾಚಿ, ನನ್ನ ಅನುಭವವನ್ನೆಲ್ಲ ಬಸಿದು ಹೇಳಿದೆ. “ಮೇಲ್ನೋಟಕ್ಕೆ, ಸದ್ಯದ ಪರಿಸ್ಥಿತಿಯಲ್ಲಿ, ಒಟ್ಟಾರೆ ಭಾರವನ್ನು ಗಮನದಲ್ಲಿಟ್ಟುಕೊಂಡು, ವಿವರವಾದ ಪರಿಶೀಲನೆಗೆ ಒಳಪಟ್ಟು—”

“ನನಗೆ ಇದೆಲ್ಲ ಗೊತ್ತಾಗೋದಿಲ್ಲ” ಎಂದು ಅವರು ತಡೆದರು. “ನಿಲ್ಲಬಹುದಾ, ನಿಲ್ಲಬಾರದಾ? ಒಂದು ಮಾತು.”

ಇಷ್ಟು ವರ್ಷಗಳಲ್ಲಿ ಯಾವ ಮೇಲಧಿಕಾರಿಯೂ ನನ್ನನ್ನು ಹೀಗೆ ಕೇಳಿರಲಿಲ್ಲ. ನನ್ನ ಬೆನ್ನ ಹಿಂದೆ ಎರಡನೇ ಮಹಡಿಯ ಎತ್ತರ, ಮುಂದೆ ಮಗಳ ಮುಖ. ಆ ಮುಖ ಏನು ಹೇಳು ಅನ್ನುತ್ತಿತ್ತು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಅವಳೇ ಅಲ್ಲವೇ ಮೊದಲು ಅಲ್ಲಿ ಕಾಲಿಡುವವಳು ಅನ್ನಿಸಿತು.

“ನಿಲ್ಲಬಾರದು” ಅಂದೆ.

ಕರ್ನಲ್ ಸಾಹೇಬರು ನನ್ನನ್ನೊಮ್ಮೆ, ಗೋಡೆಯ ಫೋಟೋವನ್ನೊಮ್ಮೆ ನೋಡಿ, “ಅಚ್ಛಾ” ಅಂದರು. ಫೋಟೋ ತೆಗೆಯಲಿಲ್ಲ. ಪೊನ್ನಮ್ಮ ಕೊಟ್ಟ ಕಾಫಿಪುಡಿಯ ಪೊಟ್ಟಣ ಹಿಡಿದುಕೊಂಡು ನಾವು ಮೆಟ್ಟಿಲಿಳಿದೆವು.

ಕಾರು ದೆಹಲಿಯ ಗಡಿ ದಾಟಿತು. ಆಮೇಲೆ ಅದಿತಿ ಹಿಂದಿನ ಸೀಟಿನಲ್ಲಿ ಅಳುತ್ತ ಅಂದಳು, “ಪಪ್ಪಾ, ಆಫೀಸಲ್ಲಿ ಲೈಫ್‌ನಲ್ಲಿ ಯಾವತ್ತೂ ಯೆಸ್, ನೋ ಹೇಳಿಲ್ಲ ನೀನು. ಹೇಳೋಕೆ ಇವತ್ತೇ ಬೇಕಿತ್ತಾ?” ಸುಲೋಚನಾ, “ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು” ಎಂದು ಕಿಟಕಿಯ ಕಡೆ ತಿರುಗಿದಳು. ಅಂದಿನಿಂದ ಫರೀದಾಬಾದಿನಿಂದ ಫೋನಿಲ್ಲ. ಮನೆಯಲ್ಲಿ ಊಟಕ್ಕೆ ಕರೆಯುವವರಿಲ್ಲ, ತಟ್ಟೆ ತಾನಾಗಿಯೇ ಮೇಜಿನ ಮೇಲೆ ಪ್ರತ್ಯಕ್ಷವಾಗುತ್ತಿತ್ತು. “ಒಂದು ಫೋನ್ ಮಾಡಿ. ಸರಿಯಾಗಿ ನೋಡಿರಲಿಲ್ಲ, ಬಾಲ್ಕನಿ ಗಟ್ಟಿಯಾಗಿದೆ ಅಂದುಬಿಡಿ. ನಿಮ್ಮ ಗಂಟೇನು ಹೋಗತ್ತೆ?” ಅಂದಳು ಸುಲೋಚನಾ ಒಂದು ಸಂಜೆ. ನಾನು ಒಪ್ಪಲಿಲ್ಲ. ನನಗೆ ನನ್ನ ಕಿವಿಯ ಮೇಲೆ ಪೂರ್ಣ ವಿಶ್ವಾಸ. ಟೊಳ್ಳು ಅಂದರೆ ಟೊಳ್ಳೇ. ಆದರೂ ಸತ್ಯ ಹೇಳಬೇಕಲ್ಲ, ಕಚೇರಿಯಲ್ಲಿ ಕಡತ ತೆರೆದರೆ ಅಕ್ಷರ ಕಾಣುತ್ತಿರಲಿಲ್ಲ, ಮಗಳ ಊದಿದ ಕಣ್ಣೇ ಕಾಣುತ್ತಿತ್ತು. ಅಕಸ್ಮಾತ್ ಚಮಚದ್ದೇ ಟೊಳ್ಳು ಸದ್ದಾಗಿದ್ದರೆ ಅಂತಲೂ ಒಮ್ಮೆ ಅನ್ನಿಸಿತು. ಮನೆಯ ಚಮಚಗಳನ್ನೆಲ್ಲ ಗೋಡೆಗೆ ತಟ್ಟಿ ನೋಡಿ ಸಮಾಧಾನ ಮಾಡಿಕೊಂಡೆ.

ಕೊನೆಗೆ ಒಂದು ಬೆಳಿಗ್ಗೆ ಕರ್ನಲ್ ಸಾಹೇಬರ ಫೋನು ಬಂತು. “ಬನ್ನಿ. ಮನೆಯವರನ್ನೂ ಕರಕೊಂಡು ಬನ್ನಿ.” ಅಷ್ಟೇ.

ಹೋದರೆ ಮನೆಯ ಮುಂದೆ ಕಾಂಕ್ರೀಟಿನ ರಾಶಿ. ಬಾಲ್ಕನಿ ಇದ್ದ ಜಾಗದಲ್ಲಿ ಬಾಗಿಲು ಮಾತ್ರ ಆಕಾಶಕ್ಕೆ ತೆರೆದುಕೊಂಡಿತ್ತು. ಸಾಹೇಬರು ಎದುರಿಗೆ ನಿಂತು ಒಡೆಸಿದ್ದರು. “ಎರಡು ಏಟಿಗೇ ಬಂತು” ಅಂದರು. ಒಂದು ತುಂಡನ್ನು ಕಾಲಿನಿಂದ ಹೊರಳಿಸಿ ತೋರಿಸಿದರು. ಕಂಬಿಗಳೆಲ್ಲ ತಳಕ್ಕೆ ಅಂಟಿಕೊಂಡಿದ್ದವು. “ಇದನ್ನ ತುಳಿದು ಕೂರಿಸಿದ ಬೂಟು ನಂದೇ. ಇಷ್ಟು ವರ್ಷ ಮಕ್ಕಳು ಮರಿ ಎಲ್ಲರನ್ನೂ ಇದರ ಮೇಲೆ ನಿಲ್ಲಿಸಿದ್ದೀನಿ.” ದೊಡ್ಡ ಆಳು, ಕಣ್ಣು ತೇವವಾಗಿತ್ತು. ಆಮೇಲೆ ನನ್ನ ಕೈ ಹಿಡಿದು, “ಮಗಳ ಸಂಬಂಧ ಹೋದರೂ ಹೋಗಲಿ ಅಂತ ಬಾಯಿಬಿಟ್ಟು ನಿಲ್ಲಬಾರದು ಅಂದವರ ಮನೆಯಿಂದ ಹೆಣ್ಣು ತರೋದಕ್ಕೆ ಯೋಚನೆ ಏನು? ಈಗ ನೀವು ಹೇಳಿ. ನಮ್ಮ ಹುಡುಗ ಆಗಬಹುದಾ?” ಅಂದರು.

ನಾನು ಗಂಟಲು ಸರಿಮಾಡಿಕೊಂಡು, “ತಾತ್ವಿಕವಾಗಿ…” ಅಂದೆ. ಸುಲೋಚನಾ ನನ್ನ ಕಾಲು ತುಳಿದಳು. ಆ ವಿಷಯದಲ್ಲಿ ಅವಳ ಚಪ್ಪಲಿ ಕರ್ನಲ್ ಸಾಹೇಬರ ಬೂಟಿಗೆ ಕಡಿಮೆಯಿಲ್ಲ. “ಆಗಬಹುದು” ಅಂದೆ.

ಹೊಸ ಬಾಲ್ಕನಿಯ ಹೊಣೆಯನ್ನು ಸಾಹೇಬರು ನನಗೇ ಒಪ್ಪಿಸಿದರು. ಆಯುಷ್ಯವೆಲ್ಲ ಬೇರೆಯವರು ಕಟ್ಟಿದ್ದನ್ನು ತಟ್ಟಿಕೊಂಡು ಬಂದವನಿಗೆ ಮೊದಲ ಸಲ ಕಟ್ಟುವ ಅವಕಾಶ ಸಿಕ್ಕಿತು. ನಾನೇ ಲೆಕ್ಕ ಹಾಕಿದೆ, ನಾನೇ ನಕ್ಷೆ ಬರೆದೆ, ಬೇಕಾದ ಕಂಬಿಯ ಮೇಲೆ ಇನ್ನೊಂದಷ್ಟು ಕಂಬಿ, ಅದರ ಮೇಲೆ ಮನಸ್ಸಮಾಧಾನಕ್ಕೆ ಮತ್ತೊಂದಷ್ಟು. ಮೇಸ್ತ್ರಿ ಭಯ್ಯಾ ನಕ್ಷೆ ನೋಡಿ, “ಸಾಬ್, ಕರ್ನಲ್ ಸಾಬ್ ಇದರ ಮೇಲೆ ಟ್ಯಾಂಕ್ ನಿಲ್ಲಿಸ್ತಾರಾ?” ಎಂದು ಕೇಳಿದ. ಕಾಂಕ್ರೀಟ್ ಹಾಕಿದ ದಿನ ಸಾಹೇಬರು ಬೂಟು ಬಿಚ್ಚಿಟ್ಟು, ರಸ್ತೆಯ ಆಚೆ ಬದಿಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಹತ್ತಿರ ಬರಬಾರದು ಅಂತ ನಾನೇ ಅಪ್ಪಣೆ ಮಾಡಿದ್ದೆ. ಕರ್ನಲ್ ಒಬ್ಬರಿಗೆ ಅಪ್ಪಣೆ ಮಾಡುವ ಸುಖ ನಗರಾಡಳಿತದ ಯಾವ ಬಡ್ತಿಯಲ್ಲೂ ಸಿಗುವುದಿಲ್ಲ.

ನಿಶ್ಚಿತಾರ್ಥ ಅದೇ ಮನೆಯಲ್ಲಿ ನಡೆಯಿತು. ಊಟವಾದ ಮೇಲೆ, “ಚಲೋ, ಬಾಲ್ಕನಿಗೆ” ಅಂದರು ಸಾಹೇಬರು. ಎರಡೂ ಕಡೆಯ ನೆಂಟರು, ಅವರ ಮಕ್ಕಳು, ಸಾಹೇಬರ ಹಳೆಯ ದಂಡಿನ ಗೆಳೆಯರು ಎಲ್ಲರೂ ನುಗ್ಗಿ ನಿಂತರು. ಯಾರಿಗೂ ಎಳ್ಳಷ್ಟು ಅಳುಕಿಲ್ಲ. ಸಾಹೇಬರು ಮಧ್ಯೆ ನಿಂತು ಒಮ್ಮೆ ಜಿಗಿದು ಬೇರೆ ತೋರಿಸಿದರು. “ನಮ್ಮ ಬೀಗರು ಕಟ್ಟಿದ್ದು” ಎಂದು ಹೇಳಿಕೊಂಡರು. ಆಗ ನನಗಾದ ಸಂತೋಷವನ್ನು ಯಾವ ಷರತ್ತಿಗೂ ಒಳಪಡಿಸದೆ ಹೇಳುತ್ತೇನೆ, ನನ್ನ ಎದೆ ತುಂಬಿ ಬಂತು.

ಆ ಫೋಟೋ ಈಗ ನಮ್ಮ ದ್ವಾರಕಾದ ಮನೆಯ ಹಜಾರದಲ್ಲಿದೆ. ಬಂದವರಿಗೆಲ್ಲ ನಾನು ತೋರಿಸುತ್ತೇನೆ. ಬಾಲ್ಕನಿಯ ಸೊಬಗು ನೋಡಿ, ಗಟ್ಟಿತನ ನೋಡಿ, ಇಷ್ಟು ಜನ ಹೇಗೆ ನಿಶ್ಚಿಂತೆಯಿಂದ ನಿಂತಿದ್ದಾರೆ ನೋಡಿ ಅನ್ನುತ್ತೇನೆ. ಬಂದವರು ಮೆಚ್ಚಿಕೊಂಡು ತಲೆಯಾಡಿಸುತ್ತಾರೆ. ಅಷ್ಟರಲ್ಲಿ ಅಡಿಗೆಮನೆಯಿಂದ ಸುಲೋಚನಾ ಕಾಫಿ ಹಿಡಿದು ಬಂದು, ತಟ್ಟೆ ಕೆಳಗಿಟ್ಟು, ಫೋಟೋದ ಎಡಗಡೆಯ ಅಂಚಿನ ಮೇಲೆ ಬೆರಳಿಡುತ್ತಾಳೆ. ಅಲ್ಲಿ ನಾನಿದ್ದೇನೆ. ನಗುತ್ತಿದ್ದೇನೆ, ಹೊಸ ಜುಬ್ಬಾ ಹಾಕಿದ್ದೇನೆ, ಒಂದು ಕಾಲು ಬಾಲ್ಕನಿಯಲ್ಲಿದೆ. ಇನ್ನೊಂದು ಕಾಲು ಹೊಸ್ತಿಲ ಒಳಗಿದೆ, ಕೈ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿದೆ.