ಐವತ್ನಾಲ್ಕು ಕೆ.ಜಿ. ಮತ್ತು ಒಂದು ಡಬ್ಬಿ ಕುಂದಾ

ನನಗೆ ಸಿಟ್ಟು ಜಾಸ್ತಿ ಎಂದು ಬೆಳಗಾವಿಯಲ್ಲಿ ಎಲ್ಲರಿಗೂ ಗೊತ್ತು. ಸಿಟ್ಟು ಬರಿಸುವವರು ಎಷ್ಟು ಜನ ಇದ್ದಾರೆ ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ. ಫೌಜಿನಿಂದ ನಿವೃತ್ತನಾಗಿ ಬಂದವನು ಆಟೋ ನಗರದ ಒಂದು ಲಾರಿ ವರ್ಕ್‌ಶಾಪಿನ ಹಿಂದಿನ ಶೆಡ್ಡಿನಲ್ಲಿ ಬಾಕ್ಸಿಂಗ್ ಕಲಿಸುತ್ತಿದ್ದೇನೆ. ಹದಿನೈದು ವರ್ಷವಾಯಿತು. ರಿಂಗಿನ ಒಳಗೆ ನನ್ನ ತಲೆ ಕೆಟ್ಟದ್ದು ಕಡಿಮೆ. ರಿಂಗಿನ ಹೊರಗೆ ಮಾತ್ರ ವಾರಕ್ಕೊಂದು ಪ್ರಸಂಗ ತಪ್ಪಿದ್ದಲ್ಲ. ಅವುಗಳಲ್ಲಿ ಒಬ್ಬ ಹುಡುಗಿಯ ಸುತ್ತ ನಡೆದ ಕೆಲವನ್ನು ಮಾತ್ರ ಹೇಳುತ್ತೇನೆ. ನೀವು ನಗಬಹುದು. ನನಗೆ ಇನ್ನೂ ನಗು ಬಂದಿಲ್ಲ.

೧. ಹಿರಿಯರ ಕೈ

ಹುಡುಗಿ ಖಾನಾಪುರ ತಾಲ್ಲೂಕಿನ ಒಂದು ಹಳ್ಳಿಯವಳು. ಮನೆಯವರು ಕುರಿ ಸಾಕುವವರು. ಬಲಿತ ಟಗರುಗಳನ್ನು ಹಿಡಿದು ಹಿಡಿದು ಅವಳ ಭುಜ ಎಷ್ಟು ಗಟ್ಟಿಯಾಗಿತ್ತೆಂದರೆ, ಮೊದಲ ದಿನವೇ ನಮ್ಮ ಪಂಚಿಂಗ್ ಬ್ಯಾಗಿನ ಹೊಲಿಗೆ ಬಿಚ್ಚಿತು. ನನಗೆ ಖುಷಿಯೋ ಖುಷಿ. ಎರಡನೇ ದಿನ ನಮ್ಮ ಸೀನಿಯರ್ ಹುಡುಗಿಯೊಬ್ಬಳ ಎದುರು ನಿಲ್ಲಿಸಿದೆ. ಅವಳು ಬಲಗೈಯಿಂದ ನಾಲ್ಕು ಸಲ ಮೂಗಿಗೆ ಕೊಟ್ಟಳು. ಈ ಪುಣ್ಯಾತ್ಗಿತ್ತಿ ನಾಲ್ಕನ್ನೂ ನಿಂತಲ್ಲೇ ನಿಂತು ತೆಗೆದುಕೊಂಡಳು.

“ತಲಿ ಯಾಕ ಸರಿಸಲಿಲ್ಲಬೇ?” ಎಂದು ಕೂಗಿದೆ.

“ಅಕ್ಕಾರು ದೊಡ್ಡವರದಾರ್ರೀ ಸರ್. ಹಿರಿಯರ ಕೈ ಮುಂದ ಬಂದ್ರ ತಲಿ ಹಿಂದ ತಗೀಬಾರದು ಅಂತ ನಮ್ಮಾಯಿ ಹೇಳ್ಯಾಳ್ರೀ.”

ಆಯಿ ಎಂದರೆ ಅವಳ ಅಜ್ಜಿ. ಆ ಮನೆಯಲ್ಲಿ ಕುರಿಗಳೂ ಆಯಿಯ ಮಾತು ಮೀರುವುದಿಲ್ಲವಂತೆ. “ಆ ನಿಮ್ಮಕ್ಕ ಕೈ ಎತ್ತಿದ್ದು ಆಶೀರ್ವಾದ ಮಾಡಾಕಲ್ಲ!” ಎಂದು ಶೆಡ್ಡಿನ ತಗಡು ಅದುರುವಂತೆ ಕಿರುಚಿದೆ. ಮರುದಿನ ಬೇಕೆಂದೇ ಅವಳಿಗಿಂತ ಎರಡು ವರ್ಷ ಚಿಕ್ಕವಳನ್ನು, ಅವಳ ಪಕ್ಕದ ಊರಿನವಳನ್ನೇ, ರಿಂಗಿಗೆ ಇಳಿಸಿದೆ. ಮತ್ತೆ ಮೂಗಿಗೆ ಬಿತ್ತು. ಮತ್ತೆ ತಲೆ ಅಲ್ಲಾಡಲಿಲ್ಲ.

“ಈಕಿ ನಿನಗಿಂತ ಸಣ್ಣಾಕಿ ಹೌದಲ್ಲೋ?”

“ಹೌದ್ರೀ ಸರ್. ಖರೇ, ಸಂಬಂಧದಾಗ ನನಗ ಚಿಗವ್ವ ಆಗ್ತಾಳ್ರೀ.”

೨. ಗದೆ

ತಲೆ ಸರಿಸದೆಯೂ, ಬರೀ ಕೈಯ ಜೋರಿನ ಮೇಲೆ, ಎರಡು ವರ್ಷದಲ್ಲಿ ಅವಳು ಐವತ್ನಾಲ್ಕು ಕೆ.ಜಿ. ವಿಭಾಗದಲ್ಲಿ ದೇಶಕ್ಕೇ ಮೊದಲಿಗಳಾದಳು. ಆಗ ಪ್ರವೇಶವಾಯಿತು ನಮ್ಮ ಮುಖಂಡರದು. ಸದಾಶಿವನಗರದಲ್ಲಿ ಅವರ ಮನೆ. ಯಾರು ಏನು ಗೆದ್ದರೂ ಸತ್ಕಾರ ಮಾಡುವುದು ಅವರ ಕೆಲಸ. ಬ್ಯಾನರ್ ಹಾಕಿಸಿದರು. ಅದರಲ್ಲಿ ಅವರ ಮುಖ ಲಾರಿಯ ಟೈರಿನಷ್ಟಿತ್ತು. ಸುತ್ತ ಹದಿನಾಲ್ಕು ಜನ ಹಿತೈಷಿಗಳು. ಹುಡುಗಿಯನ್ನು ಕೆಳಗಿನ ಮೂಲೆಯಲ್ಲಿ ನಾನೇ ಹುಡುಕಿ ತೆಗೆಯಬೇಕಾಯಿತು.

ಸಮಾರಂಭದಲ್ಲಿ ಅವಳ ಕೈಗೆ ಒಂದು ಗದೆ ಕೊಟ್ಟರು. ಬೆಳಗಾವಿಯಲ್ಲಿ ಕುಸ್ತಿ ಗೆದ್ದವರಿಗೆ ಗದೆ ಕೊಡುವ ರೂಢಿ. ಆಮೇಲೆ ಮೈಕ್ ಹಿಡಿದು, “ಎದುರಾಳೀದು ಬೆನ್ನು ಮಣ್ಣಿಗೆ ಹಚ್ಚಿದ ಧೀರೆ!” ಎಂದರು. ನನಗೆ ರಕ್ತ ಕುದಿಯಿತು. ವೇದಿಕೆ ಹತ್ತಿ ಕಿವಿಯಲ್ಲಿ, “ಸಾಹೇಬ್ರ, ಇದು ಕುಸ್ತಿ ಅಲ್ರೀ, ಬಾಕ್ಸಿಂಗ್” ಎಂದು ಹೇಳಿದೆ.

ಮುಖಂಡರು ಮೈಕಿಗೆ ತಿರುಗಿದರು. “ಬಂಧುಗಳೇ, ಈಗ ಕೋಚ್ ಸಾಹೇಬ್ರು ಒಂದು ಆನಂದದ ಸುದ್ದಿ ಹೇಳಿದ್ರು. ನಮ್ಮ ಹುಡುಗಿ ಕುಸ್ತಿ ಜೋಡಿ ಬಾಕ್ಸಿಂಗೂ ಆಡ್ತಾಳಂತ!”

ಚಪ್ಪಾಳೆಯೋ ಚಪ್ಪಾಳೆ.

೩. ಪರದೇಶದ ಕಷ್ಟ

ಹೋದ ವರ್ಷ ಅವಳು ಭಾರತದ ತಂಡದ ಜೊತೆ ಪರದೇಶದ ಟೂರ್ನಿಗೆ ಹೋದಳು. ನಾನೂ ಬರುತ್ತೇನೆ ಎಂದೆ. ಜಾಗವಿಲ್ಲ ಎಂದರು. ಆದರೆ ಬಾಕ್ಸಿಂಗ್ ಸಂಘದ ಒಬ್ಬ ಪದಾಧಿಕಾರಿಗೆ ಜಾಗವಿತ್ತು. ಅವರು ಆಯುಷ್ಯದಲ್ಲಿ ಒಂದು ಸೊಳ್ಳೆಗೂ ಗುದ್ದಿದವರಲ್ಲ.

ಸೆಮಿಫೈನಲ್‌ನ ದಿನ ವರ್ಕ್‌ಶಾಪಿನ ಬಾನೆಟ್ ಮೇಲೆ ಮೊಬೈಲ್ ಇಟ್ಟುಕೊಂಡು ಎಲ್ಲರೂ ನೋಡಿದೆವು. ಮೆಕ್ಯಾನಿಕ್‌ಗಳು ಬೋಲ್ಟ್ ತಿರುಗಿಸುವ ಪಾನಾ ಕೆಳಗಿಟ್ಟರು. ರಿಪೇರಿಗೆ ಬಂದ ಲಾರಿ ಡ್ರೈವರುಗಳೂ ಗುಂಪು ಕಟ್ಟಿದರು. ಎರಡು ರೌಂಡು ಸಮಸಮ. ಮೂರನೇ ರೌಂಡಿನಲ್ಲಿ ಎದುರಾಳಿಯ ಬಲಗೈ ಬಂತು. ಇವಳು ನಿಂತಲ್ಲೇ ನಿಂತಳು. ಮತ್ತೆ ಬಂತು. ಮತ್ತೆ ನಿಂತಳು. “ತಲಿ ಸರಿಸಬೇ!” ಎಂದು ಇಡೀ ಆಟೋ ನಗರ ಮೊಬೈಲಿಗೆ ಕೂಗಿತು. ಐದು ಜಡ್ಜುಗಳಲ್ಲಿ ಮೂವರು ಆ ಕಡೆ, ಇಬ್ಬರು ಈ ಕಡೆ. ಸೋತಳು. ಸೆಮಿಫೈನಲ್‌ನಲ್ಲಿ ಸೋತವರಿಗೆ ಕಂಚು ಸಿಗುತ್ತದೆ. ಅದನ್ನು ಹಿಡಿದುಕೊಂಡು ಅಳುತ್ತ ನಿಂತಿದ್ದಳು.

ತಡೆಯಲಾರದೆ ಪದಾಧಿಕಾರಿಗೆ ಫೋನ್ ಹಚ್ಚಿದೆ. “ಮೂರನೇ ರೌಂಡಿನಾಗ ಬಾಜೂಕ ಇದ್ದು ಒಂದು ಮಾತು ಹೇಳಬಾರದೇನ್ರೀ?”

“ಮೂರನೇ ರೌಂಡಿಗೆ ನಾವು ಊಟ ಹುಡಕಾಕ ಹೋಗಿದ್ವಿ” ಎಂದರು ಅವರು ಬೇಸರದಿಂದ. “ಇಲ್ಲಿ ಒಂದ್ ಪ್ಲೇಟ್ ಅನ್ನ-ಸಾರು ಸಿಗವಲ್ದು. ಅಂತರರಾಷ್ಟ್ರೀಯ ಬಾಕ್ಸಿಂಗ್ ಎಷ್ಟು ಕಷ್ಟ ಅದ, ಬೆಳಗಾವ್ಯಾಗ ಕುಂತವರಿಗೆ ಏನ್ ಗೊತ್ತಾಗಬೇಕ್ರೀ!”

೪. ಅಭಿಮಾನ

ಕಂಚು ತಂದವಳಿಗೆ ಎರಡು ವಾರದಲ್ಲಿ ಹನ್ನೊಂದು ಸತ್ಕಾರಗಳಾದವು. ಬೆಳಗಾವಿಯಲ್ಲಿ ಸತ್ಕಾರವೆಂದರೆ ಶಾಲು, ಪೇಟ, ಹಾರ, ಕೊನೆಗೆ ಕುಂದಾ. ಹಾಲು ಕಾಯಿಸಿ ಕಾಯಿಸಿ ಕೆಂಪಗೆ ಮಾಡಿದ ನಮ್ಮೂರಿನ ಆ ಸಿಹಿಯನ್ನು ಪ್ರತಿಯೊಬ್ಬ ಗಣ್ಯರೂ ಸ್ವಂತ ಕೈಯಿಂದ ಬಾಯಿಗೆ ಇಡಲೇಬೇಕು, ಕ್ಯಾಮೆರಾ ನೋಡುತ್ತ. ಇವಳು ಯಾವ ಕೈಗೂ ತಲೆ ಸರಿಸುವವಳಲ್ಲವಲ್ಲ. ಬಾಯಿ ತೆರೆದಳು, ತೆರೆದಳು, ತೆರೆಯುತ್ತಲೇ ಇದ್ದಳು.

ತೂಕ ಮಾಡಿದೆ. ಐವತ್ತೆಂಟು.

ಆರು ವಾರದಲ್ಲಿ ಟ್ರಯಲ್ ಇತ್ತು. ಅದನ್ನು ಗೆದ್ದವರೇ ಒಲಿಂಪಿಕ್ಸ್ ಅರ್ಹತಾ ಟೂರ್ನಿಗೆ ದೇಶದ ಪರವಾಗಿ ಹೋಗುವವರು. ಐವತ್ನಾಲ್ಕರ ಮೇಲೆ ಹತ್ತು ಗ್ರಾಮ್ ಹೆಚ್ಚಾದರೂ ಗುದ್ದದೆಯೇ ಮನೆಗೆ. ಅವಳ ಇಷ್ಟು ವರ್ಷದ ಬೆವರು ಹೋಗುವುದು ಎದುರಾಳಿಯಿಂದ ಅಲ್ಲ, ನಮ್ಮೂರಿನ ಪ್ರೀತಿಯಿಂದ. ಅದನ್ನು ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತವೆ.

ನೆಹರು ನಗರದಲ್ಲಿ ಪರಿಚಯದ ಡಾಕ್ಟರೊಬ್ಬರಿದ್ದರು. ಅವರಿಂದ ಊಟದ ಚಾರ್ಟ್ ಬರೆಸಿಕೊಂಡು ಬಂದೆ. ‘ಸಿಹಿ: ಪೂರ್ತಿ ಬಂದ್’ ಎಂದು ಬರೆದು, ಅಡಿಗೆರೆ ಎಳೆದು, ಸಹಿ ಮಾಡಿದ್ದರು. ಮೂರನೇ ದಿನ ಅವರದೇ ಓಣಿಯ ಗೆಳೆಯರ ಬಳಗ ಹನ್ನೆರಡನೇ ಸತ್ಕಾರ ಇಟ್ಟಿತು. ಹೋಗಿ ನೋಡಿದರೆ, ಕುಂದಾ ಹಿಡಿದು ಮೊದಲು ನಿಂತವರು ಇದೇ ಡಾಕ್ಟರು.

“ಡಾಕ್ಟ್ರ, ಸಿಹಿ ಬಂದ್ ಅಂತ ನೀವ ಬರದೀರಲ್ರೀ!” ಎಂದು ಅವರ ಕೈ ಹಿಡಿದೆ.

“ಅದು ವೈದ್ಯಕೀಯ ಸಲಹೆ” ಎಂದರು, ಕೈ ಬಿಡಿಸಿಕೊಳ್ಳುತ್ತ. “ಇದು ಅಭಿಮಾನ.”

೫. ಆಯಿಯ ರೊಟ್ಟಿ

ರೋಗದ ಮೂಲ ಖಾನಾಪುರದಲ್ಲಿದೆ ಎಂದು ನನಗೆ ಖಾತ್ರಿಯಾಯಿತು. ಹುಡುಗಿಯನ್ನೂ ಕರೆದುಕೊಂಡು ಬಸ್ ಹಿಡಿದು ಅವಳ ಊರಿಗೇ ಹೋದೆ. ಆಯಿ ಅಂಗಳದಲ್ಲಿ ಉಣ್ಣೆ ಹಿಂಜುತ್ತ ಕುಳಿತಿದ್ದರು. ಬಸ್ಸಿನಲ್ಲಿ ಕಟ್ಟಿಕೊಂಡು ಹೋದ ಸಿಟ್ಟನ್ನೆಲ್ಲ ಒಂದೇ ಉಸಿರಿಗೆ ಕಕ್ಕಿದೆ.

“ಆಯೀ, ನಿಮ್ಮ ಮಾತಿನಿಂದ ನಿಮ್ಮ ಮೊಮ್ಮಗಳು ಮೂಗೂ ಒಡಸ್ಕೊಂಡ್ಲು, ಮೈಯೂ ಬೆಳಸ್ಕೊಂಡ್ಲು. ಇನ್ನ ಐದು ವಾರದಾಗ ಇಳೀಲಿಲ್ಲಂದ್ರ ಎಲ್ಲಾ ಮುಗೀತು.”

ಮುದುಕಿ ಉಣ್ಣೆ ಬಿಟ್ಟು ಮೊಮ್ಮಗಳ ಮೂಗನ್ನು ಮುಟ್ಟಿ ನೋಡಿದರು. “ಹುಚ್ಚಿ, ಕೈ ಯಾರದು ಅಂತ ಅಷ್ಟ ನೋಡ್ತಿಯೇನ? ಯಾಕ ಬರಾಕತ್ತೇತಿ ಅನ್ನೂದನ್ನೂ ನೋಡಬೇಕವಾ” ಎಂದರು. ನನ್ನ ಕಣ್ಣು ತುಂಬಿತು. ಇಷ್ಟು ವರ್ಷ ನಾನು ಕೂಗಿದ್ದು ಆಯಿಯ ಒಂದು ಮಾತಿನಲ್ಲಿ ಮುಗಿದಿತ್ತು.

ಅಷ್ಟಾದ ಮೇಲೆ, ಬಂದವರನ್ನು ಹಾಗೇ ಕಳಿಸುವ ಮನೆಯಲ್ಲ ಅದು. ಹುಡುಗಿಯ ಮುಂದೆ ಸವತೆಕಾಯಿ ಹೋಳು ಇಟ್ಟರು. ನನ್ನ ಮುಂದೆ ರೊಟ್ಟಿ, ಝುಣಕ, ಬೆಣ್ಣೆ. ಎರಡು ರೊಟ್ಟಿಗೆ ಸಾಕೆಂದೆ. ಮೂರನೆಯದು ಬಂತು. ಹಿರಿಯರು, ಒಲ್ಲೆ ಅನ್ನಲಾಗಲಿಲ್ಲ. ನಾಲ್ಕನೆಯದೂ ಬಂತು. ಐದನೇ ರೊಟ್ಟಿ ಹಿಡಿದು ಆಯಿಯ ಕೈ ನನ್ನ ತಾಟಿನ ಕಡೆ ಬರುತ್ತಿದ್ದಂತೆ ಎದುರಿನಿಂದ ಹುಡುಗಿ ಸವತೆಕಾಯಿ ಕಡಿಯುತ್ತ ಮೆಲ್ಲಗೆ ಹೇಳಿದಳು:

“ಸರ್, ತಲಿ ಸರಿಸ್ರೀ.”

೬. ಬೀಳ್ಕೊಡುಗೆ

ಆ ಐದು ವಾರ ಅವಳು ಪಟ್ಟ ಪಾಡು ದೇವರಿಗೇ ಗೊತ್ತು. ಮೈಮೇಲೆ ಪ್ಲಾಸ್ಟಿಕ್ ಜಾಕೆಟ್ ಹಾಕಿಕೊಂಡು ಮಧ್ಯಾಹ್ನದ ಬಿಸಿಲಿನಲ್ಲಿ ಓಡಿದಳು. ನೀರನ್ನೂ ಅಳೆದು ಕುಡಿದಳು. ಟ್ರಯಲ್‌ಗೆ ಹೊರಡುವ ದಿನ ತೂಕ ಸರಿಯಾಗಿ ಐವತ್ನಾಲ್ಕಕ್ಕೆ ನಿಂತಿತ್ತು. ಒಂದು ತುತ್ತಿಗೂ ಜಾಗವಿರಲಿಲ್ಲ.

ಅದೇ ದಿನ ಮುಖಂಡರು ಬೀಳ್ಕೊಡುಗೆ ಇಟ್ಟರು. ‘ಒಲಿಂಪಿಕ್ಸ್‌ಗೆ ಹೊರಟ ನಮ್ಮ ಹೆಮ್ಮೆಯ ಕುವರಿ’ ಎಂದು ಬ್ಯಾನರ್. ಒಲಿಂಪಿಕ್ಸ್ ಎಲ್ಲಿ, ಅರ್ಹತಾ ಟೂರ್ನಿ ಎಲ್ಲಿ, ಅದಕ್ಕೂ ಮೊದಲಿನ ಈ ಟ್ರಯಲ್ ಎಲ್ಲಿ! ನಾನು ಅವರ ಮನೆಗೇ ಹೋಗಿ, ತಿನ್ನಿಸುವಂತಿಲ್ಲ ಎಂದು ಮಾತು ತೆಗೆದುಕೊಂಡಿದ್ದೆ. “ಬರೇ ಹಾರ ಹಾಕೂದರೀ, ನಿಮ್ಮಾಣಿ” ಎಂದಿದ್ದರು. ಆದರೂ ನಂಬದೆ ವೇದಿಕೆಯ ಮೇಲೆ ಅವಳ ಬೆನ್ನ ಹಿಂದೆಯೇ ನಿಂತೆ.

ಹಾರ ಹಾಕಿದರು. ಕ್ಯಾಮೆರಾದವರು ಮುಂದೆ ಬಂದರು. ಯಾರೋ ಡಬ್ಬಿ ತೆರೆದರು. ಮುಖಂಡರು ಅಂಗೈ ತುಂಬ ಕುಂದಾ ತೆಗೆದು, ಮುಖವನ್ನು ಕ್ಯಾಮೆರಾಕ್ಕೆ ತಿರುಗಿಸಿ, ಕೈಯನ್ನು ಹುಡುಗಿಯ ಬಾಯಿಗೆ ಬಿಟ್ಟರು.

ಅವಳ ತಲೆ ಎಡಕ್ಕೆ ಸರಿಯಿತು. ಕೈ ಗಾಳಿಗೆ ಹೋಯಿತು.

“ಏ, ನಾಚಬ್ಯಾಡ ತಂಗೀ” ಎಂದು ಮತ್ತೆ ಕೈ ಬಿಟ್ಟರು. ತಲೆ ಬಲಕ್ಕೆ ಹೋಯಿತು. ಕಾಲು ಅಲುಗಲಿಲ್ಲ, ಕಣ್ಣು ಮಿಟುಕಲಿಲ್ಲ. ವರ್ಷಗಟ್ಟಲೆ ಕಾದ ಚಲನೆ ಅದು! ನನಗೆ ಮೈಮೇಲೆ ಎಚ್ಚರ ಉಳಿಯಲಿಲ್ಲ. ಮುಖಂಡರಿಗೂ ಹಟ ಬಂತು, ಭುಜ ಹಿಂದಕ್ಕೆಳೆದು ಜೋರಾಗಿ ಮೂರನೇ ಸಲ ಬೀಸಿದರು. ನಾನು ಬಾಯಿ ಇಷ್ಟಗಲ ತೆರೆದು “ತಲಿ ಸರಿಸಽಽಽ” ಎಂದು ಒದರಿದೆ. ಅವಳು ಪೂರ್ತಿ ಕೆಳಗೆ ಬಗ್ಗಿದಳು.

ಇಡೀ ಅಂಗೈ ಕುಂದಾ ನನ್ನ ಬಾಯಿಗೆ ಬಂತು. ಅದರ ಹಿಂದೆಯೇ ಎರಡು ಬೆರಳೂ ಬಂದವು.

ಹದಿನೈದು ವರ್ಷದಲ್ಲಿ ಮೊದಲ ಸಲ ನನ್ನ ಬಾಯಿ ಮುಚ್ಚಿತು. ಜನ ಸಿಳ್ಳೆ ಹೊಡೆದರು. ಮುಖಂಡರು ಬೆರಳು ತೆಗೆಯದೆಯೇ ಕ್ಯಾಮೆರಾ ನೋಡಿ ನಕ್ಕರು. ಮರುದಿನ ಪೇಪರಿನಲ್ಲಿ ಫೋಟೋ: ‘ಕೋಚ್‌ಗೆ ಸಿಹಿ ತಿನ್ನಿಸಿ ಹರಸಿದ ಮುಖಂಡರು.’ ಹುಡುಗಿ ಫೋಟೋದಲ್ಲಿ ಇರಲೇ ಇಲ್ಲ. ಬಗ್ಗಿದ್ದಳಲ್ಲ.

ಟ್ರಯಲ್‌ನಲ್ಲಿ ತೂಕ ಇಪ್ಪತ್ತು ಗ್ರಾಮ್ ಕಡಿಮೆಯೇ ಬಂತು. ಫೈನಲ್‌ನಲ್ಲಿ ಎದುರಾಳಿಯ ಬಲಗೈ ಮೂರು ರೌಂಡೂ ಗಾಳಿಯನ್ನೇ ಗುದ್ದಿತು. ಜಡ್ಜುಗಳು ನಮ್ಮ ಹುಡುಗಿಯ ಕೈ ಎತ್ತಿಸಿದರು. ಅವಳು ಅರ್ಹತಾ ಟೂರ್ನಿಗೆ ಹೋಗುತ್ತಾಳೆ! ನಾನು ರಿಂಗಿನ ಹಗ್ಗ ಹಿಡಿದು ಅತ್ತೆ. ಸಿಟ್ಟಿನಿಂದ ಅತ್ತದ್ದು ಎಂದು ಎಲ್ಲರಿಗೂ ಹೇಳಿದ್ದೇನೆ.

ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಫೋನ್ ಬಂತು. ಮುಖಂಡರು.

“ಕೋಚ್ ಸಾಹೇಬ್ರ, ಈ ಸಲದ ಬ್ಯಾನರಿನ್ಯಾಗ ನಂದು ಗ್ಲೌಸ್ ಹಾಕ್ಕೊಂಡ ಫೋಟೋ ಹಾಕಸಾಕತ್ತೀನ್ರೀ. ಅಕಿಗೆ ಕಡೀ ಪ್ರಾಕ್ಟೀಸ್ ಕೊಟ್ಟಾಂವ ನಾ ಅಲ್ಲೇನ್ರೀ?”

ಹದಿನೈದು ವರ್ಷದಿಂದ ಕೂಡಿಟ್ಟ ಎಲ್ಲ ಬೈಗುಳ ಒಟ್ಟಿಗೆ ಗಂಟಲಿಗೆ ಬಂದವು. ಬಾಯಿ ತೆರೆದೆ. “ಹೌದ್ರೀ” ಎಂದುಬಿಟ್ಟೆ. ನಾನು ಅವರನ್ನು ಕಂಡಾಗಿನಿಂದ ಆ ಮನುಷ್ಯ ಆಡಿದ ಮೊದಲನೇ ಖರೇ ಮಾತು ಅದು.