ಅಂಗಳದಾಗಿನ ತರಂಗಶಾಸ್ತ್ರ

ವಿಜ್ಞಾನ ಕಲಸೋರ ಹಣೆಬರಹಾನೇ ಹಿಂಗ ನೋಡ್ರಿ. ಶಾಲಿಯಾಗ ಒಂದು ಮಾತು ಹೇಳಿ, ಕೈಯಾಗಿನ ಬಳಪದ ಪುಡಿ ಝಾಡಿಸಿ ಮನಿಗಿ ಬಂದ್ರ, ಸಂಜಿಮುಂದ ಅದೇ ಮಾತು ಬ್ಯಾರೇ ವೇಷ ಹಾಕೊಂಡು ಬಾಗಲದಾಗ ನಿಂತಿರ್ತದ. ನಾ ಬೀದರ ಕಡೀಕಿ. ಲಾತೂರ ಭೂಕಂಪ ಆದ ಮರುವರ್ಷ ಮಹಾರಾಷ್ಟ್ರದ ಉಮರ್ಗಾದಾಗ ಕಾಳಿನ ವ್ಯಾಪಾರಿಗಳ ಮನಿಗಿ ಸೊಸಿ ಆಗಿ ಬಂದೆ. ಅಲ್ಲೇ ಒಂದು ಶಾಲಿಯಾಗ ಮರಾಠಿಯೊಳಗ ಶಬ್ದ, ಬೆಳಕು, ತರಂಗ ಅಂತ ಕಲಸ್ಲಾಕತ್ತೆ. ಟೀಚರಿಗಿ ಅಲ್ಲಿ 'ಬಾಯಿ' ಅಂತಾರ. ಹುಡುಗರು ಬರೋಬರ್ ಕಲತ್ರು. ಫಜೀತಿ ಆದದ್ದು ಮನ್ಯಾಗ.

೧. ಚಮಚದ ಯಂತ್ರ

ನಮ್ಮ ಮನಿ ಕಲ್ಲಿಂದು. ಭೂಕಂಪಕ್ಕ ಒಂದು ಬಿರುಕೂ ಬಿಟ್ಟಿದ್ದಿಲ್ಲ. ಆದ್ರ ಲೋಹಾರಾ ಕಡಿ ಹಳ್ಳಿಯಾಗ ಮಾವನೋರ ತಂಗಿ, ಅಂದ್ರ ನಮ್ಮ ಸ್ವಾದರತ್ತಿ, ಆಕಿ ಮನಿ ಪೂರಾ ಕುಸಿದಿತ್ತು. ಆಕಿ ಹೆಂಗೋ ಜೀವ ಉಳಸಿಕೊಂಡು ನಮ್ಮಲ್ಲೇ ಬಂದು ಇದ್ಳು. ಅದನ್ನ ಕಣ್ಣಾರೆ ಕಂಡ ಮಾವ, ಯಾರೂ ಒಳಗ ಮಲಗಬಾರದು ಅಂತ ಹುಕುಂ ಮಾಡಿದ್ರು. ಅವರ ಅಂಜಿಕಿ ಖರೇದು, ಅದು ನನಗೂ ತಿಳೀತಿತ್ತು.

ಆದ್ರ ನಾ ಹೊಸಾ ಮದುಮಗಳು ಅಲ್ಲೇನ್ರಿ! ಅಂಗಳದಾಗ ತಾಡಪತ್ರಿ ಕಟ್ಟಿದ ಚಪ್ಪರದ ಕೆಳಗ ಆ ತುದಿಗಿ ನನ್ನ ಗಂಡ, ಈ ತುದಿಗಿ ನಾ. ನಡುವ ಅತ್ತಿ, ಸ್ವಾದರತ್ತಿ, ಸಾಲದ್ದಕ್ಕ ಜ್ವಾಳದ ಚೀಲ. ಗಂಡನ ಜೋಡಿ ಒಂದು ಮಾತಾಡಬೇಕಂದ್ರ ಚೀಲದ ಮ್ಯಾಲಿಂದ ಒದರಬೇಕು. ನಮ್ಮ ಕೋಲಿ ಬೀಗ ಹಾಕೊಂಡು ಕುಂತಿತ್ತು. ಆ ಬೀಗ ತೆಗಸೂದೇ ನನ್ನ ಜನ್ಮದ ಗುರಿ ಆಗಿಬಿಟ್ತು.

ಮಾವ ಬಾಗಲದಾಗ ತಂಬಿಗಿ ಮ್ಯಾಲ ತಂಬಿಗಿ ಪೇರಿಸಿ, ತುದಿಗಿ ಒಂದು ಚಮಚ ಇಟ್ಟಿದ್ರು. ಭೂಮಿ ನಡುಗಿದ್ರ ಚಮಚ ಬೀಳ್ತದ, ಬಿದ್ದ ಕೂಡ್ಲೇ ಎಲ್ಲರೂ ಓಡಬೇಕು.

"ಅಂಗಳದಾಗೇ ಇದ್ದೀವಲ್ರೀ ಮಾವ, ಓಡೂದು ಎಲ್ಲಿಗಿ?"

"ಓಣಿಗಿ."

"ಓಣಿಯಾಗ ಎರಡೂ ಕಡಿ ಕಲ್ಲಿನ ಗ್ವಾಡಿ ಅವಲ್ರೀ."

ಮಾವ ವಿಚಾರ ಮಾಡಿ ಅಂದ್ರು, "ಅದಕ್ಕೇ ಲಗೂನೆ ಓಡಿ ಮತ್ತ ಅಂಗಳಕ್ಕ ಬಂದುಬಿಡೂದು."

೨. ಗಿರಣಿ

ದಿನಾ ಮುಂಜಾನಿ ಚಹಾದ ಹೊತ್ತಿಗಿ ಚಮಚ ಟಣ್ ಅಂತ ಬೀಳ್ತಿತ್ತು. ದಿನಾ ನಾವು ಕಪ್ಪು ಹಿಡಕೊಂಡೇ ಓಣಿಗಿ ಓಡಿ, ತಿರುಗಿ ಬಂದು, ಆರಿದ ಚಹಾ ಕುಡೀತಿದ್ವಿ. ನಾ ಲಕ್ಷ್ಯ ಕೊಟ್ಟು ನೋಡಿದೆ. ಓಣಿ ತುದಿಗಿ ಹಿಟ್ಟಿನ ಗಿರಣಿ ಎಂಜಿನ್ ಚಾಲೂ ಆದಾಗೇ ಇದು ಬೀಳ್ತದ!

ಮಾವನೋರಿಗಿ ತಿಳಿಸಿ ಹೇಳಿದೆ. "ಜೋಕಾಲಿಗಿ ತಾಳ ನೋಡಿ ನೂಕಿದ್ರ ಹೆಂಗ ಜೋರ ಆಗ್ತದ, ಹಂಗೇ ರೀ. ಎಂಜಿನ್ನಿನ ತಾಳ ತಂಬಿಗಿ ತಾಳಕ್ಕ ಕೂಡ್ತು ಅಂದ್ರ ತಂಬಿಗಿ ಕುಣೀತಾವ. ಇದು ಭೂಕಂಪ ಅಲ್ಲ."

"ಪುರಾವೆ?" ಅಂದ್ರು ಮಾವ.

ಎಂಜಿನ್ ಚಾಲೂ ಮಾಡೂದು ನಮಗ ಗೊತ್ತಾಗೂ ಹಂಗ ಸನ್ನಿ ಮಾಡು ಅಂತ ಗಿರಣಿಯವಗ ಹೇಳಿಟ್ಟೆ. ಮರುದಿನ ಅಂವಾ ಎಂಜಿನ್ ಚಾಲೂ ಮಾಡೂ ಮುಂದ ಮಾಳಿಗಿ ಮ್ಯಾಲಿಂದ ಕನ್ನಡಿ ಹೊಳಿಸಿದ. ಫಳ್ ಅಂತು, ಧಡ್ ಧಡ್ ಅಂತು, ಚಮಚ ಬಿತ್ತು. ಗೆದ್ದೆ ಅನ್ಕೊಂಡೆ! ಮಾವ ಗದ್ದ ಕೆರಕೊಂಡು ಕೇಳಿದ್ರು, "ಮೊದಲ ಬೆಳಕು ಬಂತಲ್ಲ?"

"ಹೂಂ ರೀ. ಬೆಳಕು ಯಾವಾಗಲೂ ಶಬ್ದಕ್ಕಿಂತ ಜಲ್ದಿ ಬರ್ತದ."

"ಅಂದ್ರ ಭೂಕಂಪದ್ದೂ ಬೆಳಕೇ ಮೊದಲ ಬರ್ತದ."

ಎಪ್ಪಾ! ನನ್ನ ತಲಿ ಕೆಟ್ಟು ಮಸರಗಡಗಿ ಆಯ್ತು. ಅವತ್ತಿನಿಂದ ಮಾವ ಕಪ್ಪು ಚಸ್ಮಾ ಹಾಕೊಂಡು ಬಾಗಲದಾಗ ಕುಂತ್ರು. ಹೆದ್ದಾರಿ ಮ್ಯಾಲ ಬಸ್ಸಿನ ಗಾಜು ಹೊಳದ್ರೂ ನಮ್ಮ ಮನಿ ಪೂರಾ ಓಣಿಗಿ ಓಡ್ತಿತ್ತು.

೩. ತಲಿ ಯಾವ ಕಡಿ

ಒಂದಿನ ಬಾಯಿ ತಪ್ಪಿ ಅತ್ತೀಗಿ ಅಂದೆ, ಭೂಕಂಪದ ತರಂಗದಾಗ ಎರಡು ಜಾತಿ ಅವ, ಒಂದು ಹಿಂದ ಮುಂದ ನೂಕ್ತದ, ಇನ್ನೊಂದು ಅಡ್ಡ ಅಲ್ಲಾಡಸ್ತದ ಅಂತ. ಸಂಜಿಗಿ, ನಮ್ಮಂಗೇ ಹೊರಗ ಮಲಗತಿದ್ದ ಇಡೀ ಓಣಿಗಿ ಸುದ್ದಿ ಮುಟ್ಟಿತ್ತು.

ಉದಗೀರದಿಂದ ಬಟ್ಟಿ ಅಂಗಡಿ ಬೀಗರು ಬಂದ್ರು. ಜರಾ ಹಣಕಾಸು ಕೂಡೇದ ಅಂದ್ರ ಮನಷ್ಯಾಗ ಎಲ್ಲಾ ಶಾಸ್ತ್ರನೂ ಬರ್ತಾವ ನೋಡ್ರಿ. "ಉದ್ದ ಮಲಗ್ರಿ. ತರಂಗ ಕಾಲಾಗ ಹೊಕ್ಕು ತಲ್ಯಾಗಿಂದ ಸೀದಾ ಹೋಗ್ತದ," ಅಂದ್ರು. ಓಣಿ ಓಣೀನೇ ಹಾಸಗಿ ತಿರುವಿತು. ಮರುವಾರ ನಿಲಂಗಾದಿಂದ ಕಾಲೇಜಿನ ಪ್ರೊಫೆಸರ್ ಬೀಗರು ಬಂದ್ರು. ಅವರು ಕಲಸೂದು ಇತಿಹಾಸ. "ಛೇ ಛೇ, ಅಡ್ಡ ಮಲಗ್ರಿ," ಅಂದ್ರು. ಅರ್ಧ ಓಣಿ ಉದ್ದ, ಅರ್ಧ ಓಣಿ ಅಡ್ಡ ಆಯ್ತು. ಒಬ್ಬರ ಕಾಲು ಒಬ್ಬರ ಮೂಗಿಗಿ ಬಡದು ಜಗಳಾನೂ ಆದ್ವು.

ನನ್ನ ಯಾರೂ ಕೇಳಲಿಲ್ಲ. "ಬಾಯಿ, ನೀವು ಸುಮ್ಮನಿರ್ರಿ, ನೀವು ಬರೇ ಪುಸ್ತಕದಾಗಿಂದು ಹೇಳ್ತೀರಿ," ಅಂದ್ರು.

೪. ಶಬ್ದ ದಾಟದ ಜಾಗ

ಶಾಲಿಯಾಗರೆ ಸುಖ ಅದಾ? ನಮ್ಮ ವರ್ಗ ತಗಡಿನ ಪತ್ರಾ ಶೆಡ್ಡಿನಾಗ. ಮಳಿ ಬಂದ್ರ ನಾ ಬಾಯಿ ತೆಗಿಯೂದಷ್ಟೇ ಹುಡುಗರಿಗಿ ಕಾಣ್ತದ, ಪಾಠ ಕೇಳಂಗಿಲ್ಲ. ಒಬ್ಬರು ಸಾಹೇಬ್ರು ತಪಾಸಣಿಗಿ ಬಂದು ಕೇಳಿದ್ರು, "ಹೇಳ್ರಿ, ಶಬ್ದ ಯಾವುದರೊಳಗಿಂದ ದಾಟಂಗಿಲ್ಲ?"

ಮುಂದಿನ ಸಾಲಿನ ಹುಡುಗಿ ಎದ್ದು ನಿಂತಳು. "ತಮ್ಮ ಕಚೇರಿ ಒಳಗಿಂದ ಸಾಹೇಬ. ನಮ್ಮ ಬಾಯಿ ಹೊಸಾ ಕೋಲಿ ಬೇಕು ಅಂತ ಎಷ್ಟು ಸಲ ಒದರ್ಯಾರ, ಆ ಕಡಿ ಏನೂ ಕೇಳ್ಸೇ ಇಲ್ಲ."

ಸಾಹೇಬ್ರು ನನ್ನ ಕಡಿ ಕೆಂಗಣ್ಣು ಬಿಟ್ರು. "ಇದು ಯಾವ ಪುಸ್ತಕದಾಗ ಅದ?"

"ಪುಸ್ತಕದಾಗ ಇಲ್ರೀ," ಅಂದೆ. "ಇದು ಪ್ರಯೋಗ."

೫. ಕಲ್ಲಿನ ಗ್ವಾಡಿ

ಛಳಿ ಶುರು ಆತು, ಕೋಲಿ ಬೀಗ ಹಂಗೇ ಇತ್ತು. ನನಗ ಸಿಟ್ಟು ನೆತ್ತಿಗೇರಿತ್ತು. ಖರೇ ಹೇಳಿದ್ರ ಇವರು ಕೇಳಂಗಿಲ್ಲ, ಇವರ ದಾರಿಲೇ ಹೋಗಬೇಕು ಅನ್ಕೊಂಡು ಮಾವನೋರ ಮುಂದ ಕುಂತೆ.

"ಮಾವ, ಶಬ್ದ ಗಾಳಿಯಾಗಿನಕ್ಕಿಂತ ಕಲ್ಲಿನ್ಯಾಗ ಭಾಳ ಜಲ್ದಿ ಹೋಗ್ತದ ರೀ. ಬೇಕಾದ್ರ ನೋಡ್ರಿ." ಗ್ವಾಡಿ ಆ ತುದಿಗಿ ಅತ್ತಿ ಕೈಬಳಿಲೆ ಕುಟ್ಟಿದ್ರು, ಈ ತುದಿಗಿ ಮಾವ ಕಿವಿ ಹಚ್ಚಿದ್ರು. ಅವರ ಮುಖ ಅರಳಿತು.

"ಭೂಕಂಪ ಬರೂ ಮುಂದ ಗುಡುಗುಡು ಅಂತದ. ಅಂಗಳದ ಮಣ್ಣಿನ್ಯಾಗ ಅದು ಕೇಳಂಗಿಲ್ಲ. ಯಾರರೆ ಒಳಗಿನ ಕೋಲಿಯಾಗ ಗ್ವಾಡಿಗಿ ಕಿವಿ ಹಚ್ಚಿ ಮಲಗಿದ್ರ ಎಲ್ಲರನ್ನೂ ಉಳಸಬಹುದು."

"ಅಂಥಾ ಧೈರ್ಯ ಯಾರಿಗದ?" ಅಂದ್ರು ಮಾವ.

ನಾ ತಲಿ ಬಗ್ಗಿಸಿ ಮೆಲ್ಲಕ ಅಂದೆ, "ನಿಮ್ಮ ಮಗಾ ಜೋಡಿ ಇದ್ರ... ನಾ ತಯಾರ ಇದ್ದೀನ್ರಿ."

ಮಾವನ ಕಣ್ಣಾಗ ನೀರು ಬಂದ್ವು. "ಎಂಥಾ ಸೊಸಿ!" ಅಂತ ಕೋಲಿ ಕೀಲಿಕೈ ನನ್ನ ಕೈಯಾಗ ಇಟ್ರು. ಸ್ವಾದರತ್ತಿ ಕಣ್ಣು ಒರಸಿಕೊಂಡು ನಮ್ಮ ಹಣಿಗಿ ವಿಭೂತಿ ಹಚ್ಚಿದ್ಳು. ರಣರಂಗಕ್ಕ ಕಳಸಿದಂಗ ನಮ್ಮಿಬ್ಬರನ್ನ ಒಳಗ ಕಳಸಿದ್ರು.

ಮುಂಜಾನಿ ಹೊರಗ ಬಂದೆ. ಮಾವ, ಅತ್ತಿ ಇಬ್ಬರೂ ನಮ್ಮ ಕೋಲಿ ಗ್ವಾಡಿ ಹೊರಗ ಚಾಪಿ ಹಾಸಿಕೊಂಡು ಕುಂತಿದ್ರು. ಇಬ್ಬರ ಕಿವಿಗೂ ಸುಣ್ಣ ಹತ್ತಿತ್ತು.

"ಏನರೆ ಕೇಳಿಸ್ತೇನವಾ?" ಅಂದ್ರು ಮಾವ.

"ಏನೂ ಇಲ್ರೀ ಮಾವ. ಎಲ್ಲಾ ಶಾಂತ ಅದ."

"ನಮಗ ಕೇಳಿಸ್ತು," ಅಂದ್ರು ಅತ್ತಿ. "'ಮುದುಕನ್ನ ಹೆಂಗ ಬುಟ್ಟಿಗಿ ಹಾಕೊಂಡೆ ನೋಡ್ರಿ' ಅಂದಿ. ಆಮ್ಯಾಲ ಇಬ್ಬರೂ ನಕ್ರಿ."

ಭೂಮಿ ಬಾಯಿ ಬಿಡಲಿ, ನಾ ಒಳಗ ಹೋಗ್ಲಿ ಅನ್ನಿಸ್ತು. ಮಾವ ಮಾತ್ರ ಗಂಭೀರವಾಗಿ ಗ್ವಾಡಿ ತಟ್ಟಿ ಅಂದ್ರು, "ಸೊಸಿ ಹೇಳಿದ್ದು ಖರೇನೇ ಅದ. ಕಲ್ಲಿನ್ಯಾಗ ಒಂದೊಂದು ಅಕ್ಷರ ಸಾಫ್ ಬರ್ತದ."

ಆಮ್ಯಾಲ ನನ್ನ ಮುಂದ ಕೈ ಚಾಚಿದ್ರು. "ಕೀಲಿಕೈ ಕೊಡು. ಇವತ್ತಿನಿಂದ ಒಳಗ ನಾನೂ ನಿಮ್ಮತ್ತಿನೂ ಮಲಗ್ತೀವಿ. ನೀವಿಬ್ಬರೂ ಹೊರಗ ಕಿವಿ ಹಚ್ಚರಿ."